ಇಳಿದು ಇಳಿದು ಮತ್ತೆ ಏಳುವ ವಿಮಾನ: ಯಲಹಂಕದ ಗೋಡೆಯ ಆಚೆ ವರ್ಷವಿಡೀ ನಡೆಯುವುದೇನು?

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಓಡಾಡುವವರಿಗೆ ಆ ಗೋಡೆ ಗೊತ್ತು. ದೇವನಹಳ್ಳಿ ಆಯಿತು, ಸಾದಹಳ್ಳಿ ಟೋಲ್ ಆಯಿತು, ಚಿಕ್ಕಜಾಲ, ಹುಣಸಮಾರನಹಳ್ಳಿ ಕಳೆದ ಮೇಲೆ ಬಲಗಡೆ ಶುರುವಾಗುತ್ತದೆ. ಅದು ಯಲಹಂಕದ ವಾಯುನೆಲೆ. ನಮ್ಮ ಬಾಯಲ್ಲಿ ಬರೀ 'ಏರ್‌ಫೋರ್ಸ್'.

ಒಂದು ಬೆಳಿಗ್ಗೆ ಅಲ್ಲೇ ಟ್ರಾಫಿಕ್ಕಿಗೆ ಸಿಕ್ಕಿ ನಮ್ಮ ಬಸ್ಸು ನಿಂತಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಕಾಲ ಬಳಿ ಸೇವಂತಿಗೆ ಮೂಟೆ, ಪಕ್ಕದಲ್ಲಿ ಮೊಮ್ಮಗ. ಹುಡುಗ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದ. ಬೂದು ಬಣ್ಣದ ಒಂದು ವಿಮಾನ ಇಳಿದು, ಗೋಡೆಯ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಮೇಲೆದ್ದಿತು. ಏಳೆಂಟು ನಿಮಿಷಕ್ಕೆ ಸುತ್ತು ಹಾಕಿ ಬಂದು ಮತ್ತೆ ಅದನ್ನೇ ಮಾಡಿತು.

"ಅಜ್ಜೀ, ಆ ಪ್ಲೇನ್ ಕೆಟ್ಟೋಗಿದೆ ಅನ್ಸುತ್ತೆ. ಇಳಿಯೋಕೆ ಬರುತ್ತೆ, ನಿಲ್ಸೋಕಾಗ್ದೆ ಮತ್ತೆ ಹೋಗ್ಬಿಡುತ್ತೆ."

ಅಜ್ಜಿ ತಲೆ ಎತ್ತಿ ನೋಡಿದರು. "ಕೆಟ್ಟಿಲ್ಲ ಕಣೋ. ಡ್ರೈವರು ಕಲೀತಾ ಇರ್ಬೇಕು."

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಯಲಹಂಕ ಅಂದರೆ ನಮಗೆಲ್ಲ ಎರಡು ವರ್ಷಕ್ಕೊಮ್ಮೆ ನಡೆಯುವ ಏರ್ ಶೋ ನೆನಪಾಗುತ್ತದೆ. ಕಿವಿ ಗಡಚಿಕ್ಕುವ ಫೈಟರ್ ಜೆಟ್‌ಗಳು, ಬಣ್ಣದ ಹೊಗೆ, ಹೆದ್ದಾರಿಯುದ್ದಕ್ಕೂ ನಿಂತ ಜನ. ಆದರೆ ಅದು ಐದು ದಿನದ ಜಾತ್ರೆ. ಉಳಿದ ದಿನಗಳಲ್ಲಿ ಆ ಗೋಡೆಯ ಆಚೆ ಇರುವುದು ಒಂದು ಶಾಲೆ. ಸೈನಿಕರನ್ನು, ಅಕ್ಕಿ ಮೂಟೆ, ಔಷಧ, ಡೀಸೆಲ್ ಡ್ರಮ್ಮುಗಳನ್ನು ಹೊತ್ತು ಹಾರುವ ವಿಮಾನಗಳ ಪೈಲಟ್‌ಗಳು ತಯಾರಾಗುವ ಶಾಲೆ.

ಈ ಶಾಲೆ ಇಲ್ಲಿಗೇ ಯಾಕೆ ಬಂತು ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು. ಯುದ್ಧ ಬಂಗಾಳ, ಅಸ್ಸಾಮಿನ ಬಾಗಿಲಿಗೆ ಬಂತು. ಅಲ್ಲಿ ಹಾರಿಸುವ ಪೈಲಟ್‌ಗಳಿಗೆ ಹೊಸ ವಿಮಾನ ಕಲಿಸಲು ಶತ್ರುವಿನ ಕೈಗೆ ಎಟುಕದ ಜಾಗ ಬೇಕಾಗಿತ್ತು. ಆಕಾಶ ತಿಳಿಯಾಗಿರಬೇಕು, ನೆಲ ಸಮತಟ್ಟಾಗಿರಬೇಕು. ನಮ್ಮ ಬಯಲುಸೀಮೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಚಂಡಮಾರುತದ ಕಾಟವಿಲ್ಲ, ಗಡಿ ದೂರ. ಜೊತೆಗೆ ಬೆಂಗಳೂರಿನಲ್ಲಿ 1940ರಲ್ಲೇ ಮೈಸೂರು ಸರ್ಕಾರ ಮತ್ತು ವಾಲ್‌ಚಂದ್ ಹೀರಾಚಂದ್ ಸೇರಿ ಶುರು ಮಾಡಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇತ್ತು. ಅದೇ ಇವತ್ತಿನ ಎಚ್‌ಎಎಲ್. ವಿಮಾನ ಕೆಟ್ಟರೆ ರಿಪೇರಿಗೂ ದೂರ ಹೋಗಬೇಕಿರಲಿಲ್ಲ.

1944ರಲ್ಲಿ ಬ್ರಿಟಿಷ್ ವಾಯುಪಡೆಯ ಎರಡು 'ಕನ್ವರ್ಷನ್ ಯೂನಿಟ್'ಗಳು ಯಲಹಂಕದಲ್ಲಿ ಶುರುವಾದವು. ಕನ್ವರ್ಷನ್ ಅಂದರೆ ಸರಳವಾಗಿ ಇಷ್ಟೇ: ಆಗಲೇ ಹಾರಿಸಲು ಬರುವ ಪೈಲಟ್‌ಗೆ ಬೇರೆ ವಿಮಾನ ಅಭ್ಯಾಸ ಮಾಡಿಸುವುದು. ಟಿವಿಎಸ್ ಓಡಿಸುತ್ತಿದ್ದವನ ಕೈಗೆ ಬುಲೆಟ್ ಕೊಟ್ಟ ಹಾಗೆ. ಹರಿಕೇನ್ ಹಾರಿಸುತ್ತಿದ್ದವರು ಅದಕ್ಕಿಂತ ಎರಡು ಪಟ್ಟು ತೂಗುವ ಅಮೆರಿಕದ ಥಂಡರ್‌ಬೋಲ್ಟ್ ಕಲಿತರು. ಇನ್ನೊಂದು ಯೂನಿಟ್‌ನಲ್ಲಿ ಮಾಸ್ಕಿಟೋ ಎಂಬ ಎರಡು ಎಂಜಿನ್ನಿನ ವಿಮಾನ. ಅದರ ವಿಶೇಷ ಏನು ಗೊತ್ತಾ? ಮೈಯೆಲ್ಲ ಮರದ್ದು. ಪ್ಲೈವುಡ್ ಮತ್ತು ಹಗುರ ಬಾಲ್ಸಾ ಮರವನ್ನು ಅಂಟು ಹಾಕಿ ಜೋಡಿಸಿದ್ದು. ಯುರೋಪಿನ ಚಳಿಯಲ್ಲಿ ಅದ್ಭುತವಾಗಿ ಹಾರಿದ ಈ ವಿಮಾನ ಇಂಡಿಯಾದ ಸೆಕೆ, ತೇವಕ್ಕೆ ತೊಂದರೆ ಕೊಟ್ಟಿತು. ರೆಕ್ಕೆಯ ಅಂಟಿನ ಜೋಡಣೆ ಬಿಟ್ಟುಕೊಂಡ ಅನುಮಾನ ಬಂದು 1944ರ ನವೆಂಬರಿನಲ್ಲಿ ಇಲ್ಲಿನ ಮಾಸ್ಕಿಟೋಗಳ ಹಾರಾಟವನ್ನೇ ತಡೆಹಿಡಿದರು.

ಇನ್ನೊಂದು ವಿಷಯ ಕೋಲಾರದವರಿಗೇ ಎಷ್ಟು ಜನಕ್ಕೆ ಗೊತ್ತೋ ಏನೋ. ಅದೇ 1944ರಲ್ಲಿ ಕೋಲಾರದಲ್ಲೂ ಒಂದು ಏರ್‌ಫೀಲ್ಡ್ ಇತ್ತು. ಅಲ್ಲಿ ಕಲಿಸುತ್ತಿದ್ದದ್ದು ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್. ಆ ತರಬೇತಿ ಯೂನಿಟ್ಟನ್ನೇ ಮಾರ್ಪಡಿಸಿ 1944ರ ನವೆಂಬರ್ 8ರಂದು ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಕಟ್ಟಿದರು. ಮುಂದೆ ಅವರ ಕೆಲಸ ರಾತ್ರಿ ಹೊತ್ತು ಜಪಾನೀಯರ ವಶದಲ್ಲಿದ್ದ ದೇಶಗಳ ಮೇಲೆ ಹಾರಿ ಗೂಢಚಾರರನ್ನೂ ಸಾಮಾನನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು. ನಾವು ಕೋಲಾರ ಅಂದರೆ ಚಿನ್ನ, ಹಾಲು, ಟೊಮೆಟೊ ಅಂತೀವಿ. ಸಯಾಮಿನ, ಅಂದರೆ ಇವತ್ತಿನ ಥಾಯ್ಲೆಂಡಿನ, ಕಾಡಿನಲ್ಲಿ ಪೆಟ್ಟಿಗೆ ಬೀಳಿಸಿದ ವಿಮಾನಗಳ ದಂಡು ಹುಟ್ಟಿದ್ದೂ ಅಲ್ಲೇ.

ಯುದ್ಧ ಮುಗಿಯಿತು, ಬ್ರಿಟಿಷರು ಹೋದರು. ಯಲಹಂಕಕ್ಕೆ ಈಗಿನ ರೂಪ ಬಂದದ್ದು 1963ರಲ್ಲಿ, ಭಾರತೀಯ ವಾಯುಪಡೆಯ ಕೈಯಲ್ಲಿ. ಆ ವರ್ಷ ಸುಮ್ನೆ ಬಂದದ್ದಲ್ಲ. ಹಿಂದಿನ ವರ್ಷವಷ್ಟೇ ಚೀನಾದ ಜೊತೆ ಯುದ್ಧವಾಗಿತ್ತು. ಲಡಾಖ್ ಮತ್ತು ಈಶಾನ್ಯದ ಗುಡ್ಡಗಳ ಮೇಲೆ ನಮ್ಮ ಸೈನಿಕರಿದ್ದರು, ಎಷ್ಟೋ ಠಾಣೆಗಳಿಗೆ ರಸ್ತೆಗಳಿರಲಿಲ್ಲ. ಅಂಥ ಕಡೆಗೆ ಬಂದೂಕಿನ ಗುಂಡಿನಿಂದ ಹಿಡಿದು ಬೇಳೆಯವರೆಗೆ ಎಲ್ಲವೂ ವಿಮಾನದಲ್ಲೇ ಹೋಗಬೇಕು. ಯುದ್ಧದ ನಂತರ ಇಡೀ ವಾಯುಪಡೆ ದೊಡ್ಡದಾಗತೊಡಗಿತು. ವಿಮಾನ ದುಡ್ಡು ಕೊಟ್ಟರೆ ಸಿಗುತ್ತದೆ, ಪೈಲಟ್ ಸಿಗುವುದಿಲ್ಲ. ಅವನನ್ನು ಬೆಳೆಸಬೇಕು.

ಇವತ್ತು ಆ ಬೆಳೆಸುವ ಕ್ರಮ ಹೀಗಿದೆ. ಪೈಲಟ್ ಆಗಬೇಕೆಂದು ಆಯ್ಕೆಯಾದವರು ಮೊದಲು ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿರುವ ಏರ್‌ಫೋರ್ಸ್ ಅಕಾಡೆಮಿಗೆ ಹೋಗುತ್ತಾರೆ. ಅಲ್ಲಿ ಪಿಲಾಟಸ್ ಎಂಬ ಚಿಕ್ಕ ವಿಮಾನದಲ್ಲಿ ಮೊದಲ ಪಾಠ. ಅದಾದ ಮೇಲೆ ದಾರಿ ಮೂರಾಗಿ ಕವಲೊಡೆಯುತ್ತದೆ: ಫೈಟರ್, ಹೆಲಿಕಾಪ್ಟರ್, ಟ್ರಾನ್ಸ್‌ಪೋರ್ಟ್. ಫೈಟರ್‌ಗೆ ಹೋದವರು ಮುಂದೆ ನಮ್ಮದೇ ಬೀದರ್‌ಗೆ ಬಂದು ಹಾಕ್ ಜೆಟ್ ಕಲಿಯುತ್ತಾರೆ. ಟ್ರಾನ್ಸ್‌ಪೋರ್ಟ್‌ಗೆ ಹೋದವರ ಊರು ಯಲಹಂಕ. ಅಲ್ಲಿ ಅವರಿಗೆ ಸಿಗುವುದು ಡಾರ್ನಿಯರ್ 228, ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸಿದ 19 ಸೀಟಿನ ವಿಮಾನ. ಜೊತೆಗೆ ಆಂಟೊನೊವ್ 32. ಆ ಹುಡುಗ ನೋಡಿದ ಬೂದು ವಿಮಾನ ಇದೇ.

ಎರಡು ಎಂಜಿನ್ ಇರುವ ವಿಮಾನಕ್ಕೆ ಬೇರೆ ಪಾಠ ಯಾಕೆ ಬೇಕು? ಜೋಡೆತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡೂ ಎತ್ತು ಸಮ ಎಳೆದರೆ ಗಾಡಿ ನೆಟ್ಟಗೆ ಹೋಗುತ್ತದೆ. ಎಡಗಡೆಯದು ಥಟ್ಟನೆ ನಿಂತು, ಬಲಗಡೆಯದು ಎಳೆಯುತ್ತಲೇ ಇದ್ದರೆ? ಗಾಡಿ ಎಡಕ್ಕೆ ತಿರುಗುತ್ತದೆ. ವಿಮಾನದಲ್ಲೂ ಇದೇ ಕಥೆ. ನೆಲ ಬಿಟ್ಟು ಏಳುತ್ತಿರುವಾಗಲೇ ಎಡ ಎಂಜಿನ್ ನಿಂತಿತು ಅಂದುಕೊಳ್ಳಿ. ಮೂತಿ ಎಡಕ್ಕೆ ಎಳೆಯುತ್ತದೆ, ವೇಗ ಕಡಿಮೆ, ಎತ್ತರವೂ ಇಲ್ಲ. ಪೈಲಟ್ ಆ ಕ್ಷಣವೇ ಬಲಗಾಲಿನ ಪೆಡಲ್ ಒತ್ತಿ ಬಾಲದ ರಡ್ಡರ್ ತಿರುಗಿಸಿ ವಿಮಾನವನ್ನು ನೆಟ್ಟಗೆ ಹಿಡಿಯಬೇಕು. ಯಾವ ಎಂಜಿನ್ ಸತ್ತಿದೆ ಅಂತ ತಪ್ಪಿಲ್ಲದೆ ಗುರುತಿಸಬೇಕು. ಗಾಬರಿಯಲ್ಲಿ ಓಡುತ್ತಿರುವ ಎಂಜಿನ್ನನ್ನೇ ಆಫ್ ಮಾಡಿ ಬಿದ್ದ ವಿಮಾನಗಳು ಪ್ರಪಂಚದಲ್ಲಿ ಉಂಟು. ಒಂದೇ ಎಂಜಿನ್ನಿನ ಫೈಟರ್‌ನಲ್ಲಿ ಈ ತಲೆಬಿಸಿ ಇಲ್ಲ. ಅಲ್ಲಿ ಎಂಜಿನ್ ಹೋದರೆ ಕೊನೆಗೆ ಸೀಟು ಸಮೇತ ಹೊರಗೆ ಜಿಗಿಯಬಹುದು. ಆಂಟೊನೊವ್ ಪೈಲಟ್‌ಗೆ ಅಂಥ ಸೀಟಿಲ್ಲ, ಹಿಂದೆ ನಲವತ್ತು ಜನ ಬೇರೆ ಕೂತಿರುತ್ತಾರೆ.

ಅದಕ್ಕೇ ಆ ಸುತ್ತು. ಪೈಲಟ್‌ಗಳು ಅದಕ್ಕೆ ಸರ್ಕ್ಯೂಟ್ ಅನ್ನುತ್ತಾರೆ. ಏಳು, ತಿರುಗು, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬಾ, ಮತ್ತೆರಡು ಸಲ ತಿರುಗಿ ರನ್‌ವೇ ಎದುರಿಗೆ ನಿಲ್ಲು, ಇಳಿ. ಚಕ್ರ ನೆಲಕ್ಕೆ ತಾಗಿದ ಮೇಲೆ ನಿಲ್ಲಿಸದೆ ಎಂಜಿನ್‌ಗೆ ಜೋರು ಕೊಟ್ಟು ಮತ್ತೆ ಏಳು. ಇದಕ್ಕೆ 'ಟಚ್ ಅಂಡ್ ಗೋ' ಎಂದು ಹೆಸರು. ಹಾರಾಟದಲ್ಲಿ ಅತಿ ಕಷ್ಟದ ಎರಡು ಘಟ್ಟ ಏಳುವುದು ಮತ್ತು ಇಳಿಯುವುದು. ಪ್ರತಿ ಸಲ ನಿಲ್ಲಿಸಿ, ವಾಪಸ್ ತಂದು, ಮತ್ತೆ ಶುರು ಮಾಡಿದರೆ ಒಂದು ಗಂಟೆಯಲ್ಲಿ ಮೂರು ಸಲ ಅಭ್ಯಾಸವಾದರೆ ಹೆಚ್ಚು. ಹೀಗೆ ಮಾಡಿದರೆ ಏಳೆಂಟು ಸಲ ಆಗುತ್ತದೆ.

ಆಂಟೊನೊವ್ 32 ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ನೋಡಲು ಚೆಂದವೇನಿಲ್ಲ. ಕೀವ್‌ನಲ್ಲಿ ತಯಾರಾದ ಈ ವಿಮಾನ 1984ರಲ್ಲಿ ನಮ್ಮ ವಾಯುಪಡೆಗೆ ಬಂತು. ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಎತ್ತರಕ್ಕೆ ಕೂರಿಸಿರುವುದರಿಂದ ಹೆಗಲು ಹಾರಿಸಿ ನಿಂತವನ ಹಾಗೆ ಕಾಣುತ್ತದೆ. ದೊಡ್ಡ ಪ್ರೊಪೆಲ್ಲರ್ ತಿರುಗಲು ಜಾಗ ಬೇಕಲ್ಲ, ಅದಕ್ಕೆ ಹಾಗೆ. ಆರೂವರೆ ಟನ್ನಿಗಿಂತ ಸ್ವಲ್ಪ ಹೆಚ್ಚು ಹೊರುತ್ತದೆ. ಸೆಕೆ ಮತ್ತು ಎತ್ತರ ಎರಡೂ ಇರುವ ಜಾಗಕ್ಕೆಂದೇ ಮಾಡಿದ ವಿಮಾನ ಇದು.

ಸೆಕೆಗೂ ಎತ್ತರಕ್ಕೂ ಹಾರಾಟಕ್ಕೂ ಏನು ಸಂಬಂಧ ಅಂತ ಕೇಳಬಹುದು. ರೆಕ್ಕೆ ವಿಮಾನವನ್ನು ಎತ್ತುವುದು ಗಾಳಿಯ ಬಲದಿಂದ. ಗಾಳಿ ತೆಳುವಾದರೆ ಎತ್ತುವ ಬಲ ಕಡಿಮೆ, ಎಂಜಿನ್ನಿನ ಉಸಿರೂ ಕಡಿಮೆ. ಸಮುದ್ರ ಮಟ್ಟದಲ್ಲಿ ಗಾಳಿಯ ಸಾಂದ್ರತೆ 100 ಅಂದುಕೊಂಡರೆ, ಸುಮಾರು 900 ಮೀಟರ್ ಎತ್ತರದ ಯಲಹಂಕದಲ್ಲಿ ಅದು 91–92. ಏಪ್ರಿಲ್ ಮಧ್ಯಾಹ್ನದ ಬಿಸಿಲು ಸೇರಿದರೆ ಇನ್ನೂ ಏಳೆಂಟು ಕಡಿಮೆ. ಚೆನ್ನೈನಲ್ಲಿ ಬೇಗ ಏಳುವ ವಿಮಾನ ಇಲ್ಲಿ ಜಾಸ್ತಿ ದೂರ ಓಡಬೇಕು. ಇನ್ನು ಲಡಾಖಿನ ದೌಲತ್ ಬೇಗ್ ಓಲ್ಡಿ ಸುಮಾರು 16,600 ಅಡಿ ಮೇಲಿದೆ. ಅಲ್ಲಿ ಸಾಂದ್ರತೆ 60ರ ಆಸುಪಾಸು. ದಶಕಗಳ ಕಾಲ ಬಳಸದೆ ಬಿಟ್ಟಿದ್ದ ಆ ಕಚ್ಚಾ ರನ್‌ವೇ ಮೇಲೆ 2008ರ ಮೇ 31ರಂದು ಇಳಿದು ತೋರಿಸಿದ್ದು ಇದೇ ಆಂಟೊನೊವ್ 32. ಬಿಸಿಲ ಯಲಹಂಕದಲ್ಲಿ ತೆಳು ಗಾಳಿಯ ರುಚಿ ನೋಡಿ ಕಲಿತ ಪೈಲಟ್‌ಗೆ ಅದು ಕನಿಷ್ಠ ಪೂರ್ತಿ ಅಪರಿಚಿತ ಪಾಠವಲ್ಲ.

ಹೆಲಿಕಾಪ್ಟರ್‌ಗೂ ಇಲ್ಲಿ ಹಳೆಯ ನಂಟಿದೆ. ರಷ್ಯಾದ ಮಿ-8 ಹೆಲಿಕಾಪ್ಟರ್‌ಗಳು 1972ರಿಂದ 45 ವರ್ಷ ಸೇವೆ ಮಾಡಿ 2017ರ ಡಿಸೆಂಬರ್ 17ರಂದು ನಿವೃತ್ತಿಯಾದವು. ಅವುಗಳಿಗೆ ಬೀಳ್ಕೊಡುಗೆ ನಡೆದದ್ದು ಯಲಹಂಕದಲ್ಲೇ. ಅವುಗಳ ತಮ್ಮಂದಿರಾದ ಮಿ-17ಗಳು ಈಗ ಹಾರುತ್ತಿವೆ. ಇವುಗಳಲ್ಲಿ ಒಂದು ನಮ್ಮ ಜಿಲ್ಲೆಗೆ ಬಂದ ದಿನವನ್ನು ಚಿಕ್ಕಬಳ್ಳಾಪುರದವರು ಮರೆತಿರಲಾರರು.

2022ರ ಫೆಬ್ರವರಿ 20, ಭಾನುವಾರ. ನಂದಿಬೆಟ್ಟದ ಕಡೆ ಚಾರಣಕ್ಕೆ ಬಂದಿದ್ದ 19 ವರ್ಷದ ವಿದ್ಯಾರ್ಥಿ ಬ್ರಹ್ಮಗಿರಿಯ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಸಿಕ್ಕಿಹಾಕಿಕೊಂಡ. ಕಡಿದಾದ ಬಂಡೆ. ಕೆಳಗಿನಿಂದ ಹತ್ತಲಾಗದು, ಮೇಲಿನಿಂದ ಇಳಿಯಲಾಗದು. ಜಿಲ್ಲಾಧಿಕಾರಿ ಯಲಹಂಕ ವಾಯುನೆಲೆಗೆ ಸುದ್ದಿ ಮುಟ್ಟಿಸಿದರು. ಮಿ-17 ಬಂತು. ಪೊಲೀಸರು ಕೆಳಗಿನಿಂದ ದಾರಿ ತೋರಿಸಿದರು. ಹುಡುಕಾಡಿದ ಮೇಲೆ ಹುಡುಗ ಕಂಡ, ಆದರೆ ಇಳಿಯಲು ಅಂಗೈ ಅಗಲ ಸಮತಟ್ಟು ಜಾಗವಿಲ್ಲ. ಹೆಲಿಕಾಪ್ಟರ್ ಗಾಳಿಯಲ್ಲೇ ನಿಂತಿತು. ಸಿಬ್ಬಂದಿಯೊಬ್ಬರು ವಿಂಚಿನ ಹಗ್ಗದಲ್ಲಿ ಇಳಿದು ಅವನನ್ನು ಮೇಲಕ್ಕೆ ತಂದರು. ಅಲ್ಲಿಂದ ಯಲಹಂಕ, ಆಮೇಲೆ ಆಸ್ಪತ್ರೆ.

ಟಿವಿಯಲ್ಲಿ ನೋಡುವಾಗ ಸುಲಭ ಅನ್ನಿಸಿತು. ಆದರೆ ಯೋಚಿಸಿ ನೋಡಿ. ಬಂಡೆಗೆ ಬಡಿದ ಗಾಳಿ ಯಾವ ಕಡೆಗೆ ತಿರುಗುತ್ತದೆ ಹೇಳಲಾಗದು. ಹೆಲಿಕಾಪ್ಟರಿನ ರೆಕ್ಕೆಯೇ ಕೆಳಗೆ ಬಿರುಗಾಳಿ ಎಬ್ಬಿಸುತ್ತದೆ. ಹಗ್ಗದ ತುದಿಯಲ್ಲಿರುವ ಮನುಷ್ಯ ಗಡಿಯಾರದ ಲೋಲಕದ ಹಾಗೆ ಆಡುತ್ತಾನೆ. ಪೈಲಟ್‌ಗೆ ತನ್ನ ಹೊಟ್ಟೆಯಡಿ ನಡೆಯುವುದು ಕಾಣುವುದೇ ಇಲ್ಲ, ಹಿಂದೆ ಬಾಗಿಲ ಬಳಿ ಇರುವವರು "ಸ್ವಲ್ಪ ಎಡಕ್ಕೆ, ಇನ್ನೊಂದಡಿ ಮುಂದೆ" ಎಂದು ಹೇಳಿದ್ದನ್ನು ಕಿವಿಯಲ್ಲಿ ಕೇಳಿ ನಿಲ್ಲಿಸಬೇಕು.

ಇನ್ನು ಏರ್ ಶೋ ವಿಷಯ. 'ಏರೋ ಇಂಡಿಯಾ' ಶುರುವಾದದ್ದು 1996ರಲ್ಲಿ. ಅದು ಅಸಲಿಗೆ ಸಂತೆ. ವಿಮಾನ, ರೆಡಾರ್, ಎಂಜಿನ್ ಮಾರುವವರು ಮತ್ತು ಕೊಳ್ಳುವವರು ಸೇರುವ ಜಾಗ. ನಾವು ನೋಡುವ ಹಾರಾಟ ಆ ಸಂತೆಯ ಬ್ಯಾಂಡು. 2021ರಲ್ಲಿ ಅಮೆರಿಕದ ಬಿ-1 ಬಾಂಬರ್ ಬಂದು ಹಾರಿತು. 2025ರಲ್ಲಿ ಅಮೆರಿಕದ ಎಫ್-35, ರಷ್ಯಾದ ಸುಖೋಯ್ 57 ಎರಡೂ ಒಂದೇ ಮೈದಾನದಲ್ಲಿ ನಿಂತವು. ಕೆಟ್ಟ ದಿನಗಳೂ ಇವೆ. 2019ರ ಫೆಬ್ರವರಿ 19ರಂದು ಅಭ್ಯಾಸದಲ್ಲಿದ್ದ, ವಾಯುಪಡೆಯ ಕಸರತ್ತು ತಂಡವಾದ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿ ಹೊಡೆದು ಒಬ್ಬ ಪೈಲಟ್ ತೀರಿಕೊಂಡರು. ನಾಲ್ಕೇ ದಿನಕ್ಕೆ ಪಾರ್ಕಿಂಗ್‌ನ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು.

ಆ ಸಮಯದಲ್ಲಿ ಕೋಳಿ ಅಂಗಡಿ ಮುಚ್ಚಿಸುತ್ತಾರಲ್ಲ, ಅದು ಯಾಕೆ ಅಂತ ಪ್ರತಿ ಸಲ ಜಗಳವಾಗುತ್ತದೆ. 2025ರಲ್ಲಿ ನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ ಎಂದು ಪಾಲಿಕೆ ಆದೇಶ ಹೊರಡಿಸಿತ್ತು. ಇದರ ಹಿಂದೆ ಮಡಿ–ಮೈಲಿಗೆ ಏನೂ ಇಲ್ಲ, ಹದ್ದುಗಳಿವೆ. ಬಿಸಾಡಿದ ಕರುಳು, ಚರ್ಮಕ್ಕೆ ಹದ್ದು ಬರುತ್ತದೆ, ಫೆಬ್ರವರಿಯ ಬಿಸಿ ಗಾಳಿ ಹಿಡಿದು ಮೇಲೆ ಸುತ್ತುತ್ತದೆ. ಸಣ್ಣ ಲೆಕ್ಕ ಮಾಡಿ ನೋಡಿ. ಹದ್ದಿನ ತೂಕ 700 ಗ್ರಾಂ, ವಿಮಾನದ ವೇಗ ಗಂಟೆಗೆ 250 ಕಿ.ಮೀ. ಇದ್ದರೆ, ಆ ಹೊಡೆತದ ಶಕ್ತಿ 70 ಕೆ.ಜಿ. ಆಳು ಎರಡೂವರೆ ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ. ಅದೂ ಅಂಗೈಯಷ್ಟು ಜಾಗದ ಮೇಲೆ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. 1937ರ ವಿಮಾನ ನಿಯಮಗಳಲ್ಲೇ ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಪ್ರಾಣಿ ಕಡಿದು, ಕಸ ಸುರಿದು ಹಕ್ಕಿ ಸೇರುವಂತೆ ಮಾಡಬಾರದು ಎಂದಿದೆ. ಆದರೆ ನನಗನ್ನಿಸುವುದು ಇಷ್ಟು: ಕಸವನ್ನು ವರ್ಷವಿಡೀ ಸರಿಯಾಗಿ ಸಾಗಿಸಿದ್ದರೆ, ಮೂರ್ನಾಲ್ಕು ವಾರ ಬಡ ಅಂಗಡಿಯವನ ಹೊಟ್ಟೆ ಮೇಲೆ ಹೊಡೆಯುವುದು ಬೇಕಾಗುತ್ತಿರಲಿಲ್ಲ. ಶಾಲೆಯ ಆಂಟೊನೊವ್‌ಗೂ ಹದ್ದು ಅಡ್ಡ ಬರುತ್ತದೆ ಅಲ್ವಾ?

2008ರಲ್ಲಿ ದೇವನಹಳ್ಳಿಗೆ ದೊಡ್ಡ ವಿಮಾನ ನಿಲ್ದಾಣ ಬಂದ ಮೇಲೆ ಈ ಶಾಲೆಯ ಆಕಾಶ ಇಕ್ಕಟ್ಟಾಯಿತು. ಎರಡರ ನಡುವೆ ಹೆಚ್ಚೆಂದರೆ ಹದಿಮೂರು ಹದಿನಾಲ್ಕು ಕಿ.ಮೀ. ಅಂತರ. ವಿಮಾನಕ್ಕೆ ಅದು ಎರಡು ಮೂರು ನಿಮಿಷದ ದಾರಿ. ಹಾಗಾಗಿ ಎರಡೂ ಕಡೆಯ ಕಂಟ್ರೋಲ್ ಟವರ್‌ನವರು ಒಬ್ಬರಿಗೊಬ್ಬರು ಹೇಳಿಕೊಂಡೇ ವಿಮಾನ ಬಿಡಬೇಕು. ಏರ್ ಶೋ ದಿನಗಳಲ್ಲಿ ದೇವನಹಳ್ಳಿಯ ವಿಮಾನಗಳನ್ನು ಕೆಲವು ಗಂಟೆ ನಿಲ್ಲಿಸುವುದೂ ಇದಕ್ಕೇ.

ಅದೃಷ್ಟಕ್ಕೆ ಎರಡೂ ರನ್‌ವೇಗಳು ಒಂದೇ ದಿಕ್ಕಿಗಿವೆ, ಪೂರ್ವ–ಪಶ್ಚಿಮ. ಹಳೆಯ ಎಚ್‌ಎಎಲ್ ರನ್‌ವೇ ಕೂಡ ಹಾಗೇ. ಇದು ಗಾಳಿ ಮಾಡಿದ ತೀರ್ಮಾನ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ರನ್‌ವೇಯ ಎರಡು ತುದಿಗೆ ಬರೆಯುವ 09, 27 ಎಂಬ ಅಂಕಿಗಳು ದಿಕ್ಸೂಚಿಯ 90 ಮತ್ತು 270 ಡಿಗ್ರಿಯ ಗುರುತು, ಕೊನೆಯ ಸೊನ್ನೆ ತೆಗೆದದ್ದು.

ಯಲಹಂಕದ ರನ್‌ವೇಯ ಪೂರ್ವದ ತುದಿ ಇರುವುದು ನಮ್ಮ ಹೆದ್ದಾರಿಯ ಮಗ್ಗುಲಲ್ಲೇ. ಚಿಕ್ಕಬಳ್ಳಾಪುರದಿಂದ ಹೊರಡುವವರು ಬಸ್ಸಿನಲ್ಲಿ ಕೂರುವಾಗ ತಿಂಗಳು ನೋಡಿಕೊಳ್ಳಿ. ಜೂನ್, ಜುಲೈ ಆದರೆ ಎಡಗಡೆ ಕಿಟಕಿ. ಇಳಿಯುವ ವಿಮಾನ ಸಾಮಾನ್ಯವಾಗಿ ಎಡದಿಂದ ಬಂದು ರಸ್ತೆಯ ಮೇಲೆ ತಗ್ಗಾಗಿ ಹಾದು ಗೋಡೆಯಾಚೆ ಹೋಗುತ್ತದೆ. ಡಿಸೆಂಬರ್, ಜನವರಿ ಆದರೆ ಬಲಗಡೆ ಕಿಟಕಿ. ಗೋಡೆಯ ಹಿಂದಿನಿಂದ ಎದ್ದು, ಬಸ್ಸಿನ ನೆತ್ತಿ ದಾಟಿ ಹೋಗುತ್ತದೆ. ಆ ಹುಡುಗ ಕೂತಿದ್ದು ಬಲಗಡೆ. ಅಜ್ಜಿ ಕೋಗಿಲು ಕ್ರಾಸಿನಲ್ಲಿ ಮೂಟೆ ಎಳೆದುಕೊಂಡು ಇಳಿಯುವ ಹೊತ್ತಿಗೆ ಅವನ ಲೆಕ್ಕ ನಾಲ್ಕಕ್ಕೆ ಬಂದಿತ್ತು.